ಮಕ್ಕಳ ಆಟ, ನಮ್ಮ ಕನ್ನಡಿ



ಒಂದು ಭಾನುವಾರ ಬಲಿಪೂಜೆ ಮುಗಿದ ಮೇಲೆ ದೇವಾಲಯದ ಹಿಂದಿನ ಮರದಡಿ ನಾಲ್ಕೈದು ಪುಟಾಣಿಗಳು ‘ಪೂಜೆ ಆಟ’ ಆಡುತ್ತಿದ್ದರು. ಹೆಗಲಿಗೆ ಟವೆಲ್ ಹೊದ್ದ ಹುಡುಗನೇ ಗುರುಗಳು. ಉಳಿದವರು ಸಾಲಾಗಿ ಬಂದು ಬಿಸ್ಕತ್ತಿನ ಚೂರಿಗೆ ಕೈಯೊಡ್ಡುತ್ತಿದ್ದರು. ನಡುವೆ ಒಂದು ಮಗು ನಕ್ಕಿತು. ಕೂಡಲೇ ಆ ಹುಡುಗ ಹುಬ್ಬು ಗಂಟಿಕ್ಕಿ, “ಮಗುವನ್ನು ಹೊರಗೆ ಕರ್ಕೊಂಡು ಹೋಗಿ!” ಎಂದು ಗದರಿದ. ಅದು ನನ್ನದೇ ದನಿ! ನಾಚಿಕೆಯಾಯಿತು.

ಪ್ರಭು ಯೇಸುವೂ ಪೇಟೆಬೀದಿಯಲ್ಲಿ ಆಡುವ ಮಕ್ಕಳನ್ನು ಗಮನಿಸಿದ್ದರು. ಮತ್ತಾಯನ ಶುಭಸಂದೇಶದ 11ನೇ ಅಧ್ಯಾಯದಲ್ಲಿ ಆ ಮಕ್ಕಳು ಒಮ್ಮೆ ಕೊಳಲೂದಿ ಕುಣಿಯಲು ಕರೆಯುತ್ತಾರೆ, ಒಮ್ಮೆ ಶೋಕಗೀತೆ ಹಾಡುತ್ತಾರೆ. ಮಕ್ಕಳು ಅಂದೂ ಇಂದೂ ದೊಡ್ಡವರಲ್ಲಿ ಕಂಡದ್ದನ್ನೇ ಆಡುತ್ತಾರೆ.

“ಫಾದರ್, ಮಗನಿಗೆ ನಾಲ್ಕು ತುಂಬಿತು, ಬರೀ ಆಟ. ಟ್ಯೂಷನ್‌ಗೆ ಹಾಕಲೇ?” ಎಂದು ತಾಯಂದಿರು ಕೇಳುವುದುಂಟು. ಅಮ್ಮಾ, ಆ ಬಿಸ್ಕತ್ತನ್ನೇ ನೋಡಿ. ಕೈಯಲ್ಲೇ ಇದ್ದರೂ ‘ಗುರುಗಳು’ ತಿನ್ನಲಿಲ್ಲ; ಉಳಿದವರು ಸರದಿಗಾಗಿ ಕಾದರು. ಊಟದ ಹೊತ್ತಿನಲ್ಲಿ ಅದೇ ಮಕ್ಕಳು ಇಷ್ಟು ಕಾಯುತ್ತಾರೆಯೇ? ಆಟದಲ್ಲಿ ಮಗು ತನ್ನ ವಯಸ್ಸನ್ನು ಮೀರಿ ನಡೆದುಕೊಳ್ಳುತ್ತದೆ, ನಿಯಮಕ್ಕಾಗಿ ಆಸೆಯನ್ನು ತಡೆಯಲು ಕಲಿಯುತ್ತದೆ ಎಂದು ರಷ್ಯದ ಮನಶ್ಶಾಸ್ತ್ರಜ್ಞ ವೈಗೋಟ್ಸ್ಕಿ (1896–1934) ತೋರಿಸಿಕೊಟ್ಟರು. ನಾವು ಇದನ್ನೇ ಸಂಯಮ ಎನ್ನುತ್ತೇವೆ. ಈ ಸದ್ಗುಣದ ಮೊದಲ ಪಾಠಶಾಲೆ ಆಟವೇ.

ಇದಕ್ಕೆ ದುಬಾರಿ ಆಟಿಕೆ ಬೇಡ. ಖಾಲಿ ಡಬ್ಬ, ಹಳೆಯ ಸೀರೆ, ಒಂದಿಷ್ಟು ಮಣ್ಣು, ಜೊತೆಗೆ ಬಿಡುವಿನ ಹೊತ್ತು ಸಾಕು. ಮೂರು-ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಕನಿಷ್ಠ 180 ನಿಮಿಷ ಓಡಾಡಿ ಆಡಬೇಕು, ಟಿ.ವಿ., ಮೊಬೈಲ್ ಮುಂದೆ ಕೂರುವುದು ಒಂದು ಗಂಟೆ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ನಮ್ಮ ಮನೆಗಳಲ್ಲಿ ಈ ಲೆಕ್ಕ ತಿರುಗುಮುರುಗಾಗಿಲ್ಲವೇ?

ದೇವರು ಮರಳಿ ಬಂದು ನೆಲೆಸುವ ಜೆರುಸಲೇಮಿನ ಗುರುತಾಗಿ ಪ್ರವಾದಿ ಜೆಕರ್ಯ ಕಂಡದ್ದು ಬೀದಿ ತುಂಬ ಆಡುವ ಹುಡುಗ ಹುಡುಗಿಯರನ್ನು (8:5). ಮಕ್ಕಳು ನಿರ್ಭಯವಾಗಿ ಆಡುವ ಮನೆಯಲ್ಲಿ ದೇವರಿದ್ದಾರೆ.

ಪ್ರಿಯ ತಂದೆತಾಯಿಗಳೇ, ನಿಮ್ಮ ಮಗು ‘ಅಪ್ಪ-ಅಮ್ಮ’ ಆಟ ಆಡುವಾಗ ಬಾಗಿಲ ಮರೆಯಲ್ಲಿ ನಿಂತು ಆಲಿಸಿ. ಆ ಪುಟ್ಟ ಅಪ್ಪ ಮನೆಗೆ ಬಂದು ಮೊದಲು ಆಡುವ ಮಾತು ಯಾವುದು? ಆ ಪುಟ್ಟ ಅಮ್ಮ ಗೊಂಬೆಯನ್ನು ಮುದ್ದಿಸುತ್ತಾಳೋ, ಬಡಿಯುತ್ತಾಳೋ? ಪಾಪನಿವೇದನೆಗೆ ಮುನ್ನ ಇದಕ್ಕಿಂತ ಒಳ್ಳೆಯ ಆತ್ಮಶೋಧನೆ ಬೇರೆ ಬೇಕಿಲ್ಲ. ನನಗಂತೂ ಅಂದೇ ಆಯಿತು. ಪೂಜೆಯ ನಡುವೆ ಮಗುವೊಂದು ಅತ್ತರೆ ಗದರದಿರುವ ತಾಳ್ಮೆಯನ್ನು ದೇವರಲ್ಲಿ ಬೇಡುತ್ತಿದ್ದೇನೆ.