ಒಪ್ಪಿಸಿದ ಕೆಲಸ: ತೆರಿಗೆಯೋ ಸಾಧನೆಯೋ?

ಮತ್ತೊಬ್ಬರು ಒಪ್ಪಿಸಿದ ಕೆಲಸವು ಮಾಡುವವನ ಸ್ವಂತದ್ದಾಗುವುದು ಯಾವಾಗ ಎಂಬ ನೀತಿಶಾಸ್ತ್ರದ ಪ್ರಶ್ನೆಗೆ ಇಂಗ್ಲಿಷಿನ ಕೆಲವು ಸಾಮಾನ್ಯ ಪದಗಳು ಬೇರೆ ಬೇರೆ ಉತ್ತರಗಳನ್ನು ಒಡಲಲ್ಲಿಟ್ಟುಕೊಂಡಿವೆ. ‘ಟಾಸ್ಕ್’ ಎಂಬುದು ತೆರಿಗೆ ಎಂಬರ್ಥದ ‘ಟ್ಯಾಕ್ಸ್’ ಪದದ ಒಡಹುಟ್ಟು. ಎರಡೂ ಲ್ಯಾಟಿನ್ನಿನ ಒಂದೇ ಮೂಲದಿಂದ ಬಂದಿರುವುದರಿಂದ, ಆ ಹಳೆಯ ಅರ್ಥದಲ್ಲಿ ಕೆಲಸವೆಂದರೆ ಒಡೆಯನಿಗೆ ತೆರಬೇಕಾದ ಕಂದಾಯ. ‘ಡ್ಯೂಟಿ’ ಸಾಲದ ಭಾಷೆಯಿಂದ ಬಂದುದು. ಅದರೊಳಗಿನ ‘ಡ್ಯೂ’ ಎಂದರೆ ಸಲ್ಲಬೇಕಾದ ಬಾಕಿ. ‘ಅಸೈನ್‌ಮೆಂಟ್’ನಲ್ಲಿ ಗುರುತು ಎಂಬರ್ಥದ ಲ್ಯಾಟಿನ್ ಪದ ‘ಸಿಗ್ನಮ್’ ಅಡಗಿದ್ದು, ಇದು ಇಂಥವರ ಪಾಲು ಎಂದು ಗುರುತು ಮಾಡಿ ಕೊಡುವುದೇ ಅದರ ತಿರುಳು. ಹಕ್ಕನ್ನು ಬೇರೊಬ್ಬರಿಗೆ ವಹಿಸಿಕೊಡುವ ಕ್ರಿಯೆಗೆ ಕಾನೂನಿನಲ್ಲಿ ಇಂದಿಗೂ ಇದೇ ಪದವಿದೆ. ‘ಹೋಮ್‌ವರ್ಕ್’ ಕೆಲಸದ ಸ್ಥಳವನ್ನಷ್ಟೇ ಹೇಳಿ ಸುಮ್ಮನಾಗುತ್ತದೆ.

‘ಎಕ್ಸರ್‌ಸೈಸ್’ ಬೇರೆಯೇ ಜಾತಿಯದು, ಅದರ ಅರ್ಥ ಸಾಧನೆ. ತೆರಿಗೆಯನ್ನಾಗಲಿ ಸಾಲವನ್ನಾಗಲಿ ಇನ್ನೊಬ್ಬರು ಕಟ್ಟಿದರೂ ಲೆಕ್ಕ ಚುಕ್ತಾ ಆಗುತ್ತದೆ, ಸಾಧನೆಗೆ ಆ ಸೌಲಭ್ಯವಿಲ್ಲ. 1548ರಲ್ಲಿ ಅಚ್ಚಾದ ಕ್ರೈಸ್ತ ಸಂತ ಇಗ್ನೇಷಿಯಸ್ ಲೊಯೋಲಾನ ಧ್ಯಾನ ಕೈಪಿಡಿಯ ಲ್ಯಾಟಿನ್ ಶೀರ್ಷಿಕೆಯಲ್ಲಿ ಈ ಪದದ ಮೂಲರೂಪವಿದ್ದು, ನಡಿಗೆ ಮತ್ತು ಓಟ ದೇಹಕ್ಕೆ ಹೇಗೋ ಪ್ರಾರ್ಥನೆ ಮತ್ತು ಆತ್ಮಪರೀಕ್ಷೆ ಜೀವಾತ್ಮಕ್ಕೆ ಹಾಗೆ ಎಂಬ ಹೋಲಿಕೆಯಿಂದಲೇ ಆತ ಅದನ್ನು ವಿವರಿಸುತ್ತಾನೆ. ಇದೇ ಪದಕ್ಕೆ ಸಾಟಿಯಾಗಿ ಕನ್ನಡ ಪಠ್ಯಪುಸ್ತಕಗಳು ಪಾಠದ ಕೊನೆಗೆ ಅಚ್ಚುಹಾಕುವ ‘ಅಭ್ಯಾಸ’ ಎಂಬ ತಲೆಬರಹದ ವಂಶವೂ ಸಣ್ಣದಲ್ಲ: ಪತಂಜಲಿಯ ಯೋಗಸೂತ್ರವು ಚಿತ್ತವೃತ್ತಿಗಳ, ಎಂದರೆ ಮನಸ್ಸಿನ ಅಲೆದಾಟಗಳ, ನಿರೋಧಕ್ಕೆ ವೈರಾಗ್ಯದ ಜೊತೆಗೆ ಸಾಧನವಾಗಿ ಹೇಳಿದ ಅದೇ ಪದವು ಈಗ ‘ಬಿಟ್ಟ ಸ್ಥಳ ತುಂಬಿರಿ’ ಎಂಬ ಸಾಲಿನ ಮೇಲೆ, ದಪ್ಪಕ್ಷರದಲ್ಲಿ, ಯಾರ ಗಮನಕ್ಕೂ ಬಾರದೆ ಕುಳಿತಿದೆ.