ಎಲ್ಲಿಯ ತನಕ?

ಕಂಪ್ಯೂಟರ್ ಪ್ರೋಗ್ರಾಂ ಬರೆಯಲು ಕಲಿಯುವ ಮಕ್ಕಳು ಹೆಚ್ಚಾಗಿ ಎಡವುವ ಜಾಗವೊಂದಿದೆ. ಅದು ‘ತನಕ’ ಎಂಬ ಪುಟ್ಟ ಮಾತು. ನಮ್ಮ ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳ ಮನೆಗಳಲ್ಲಿ ಹನ್ನೊಂದನೆಯ ತರಗತಿಯ ಮಕ್ಕಳು ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಇದನ್ನು ಅಭ್ಯಾಸ ಮಾಡುತ್ತಿರುವುದನ್ನು ಕಾಣುತ್ತೇವೆ. ಹೆತ್ತವರಿಗೆ ಇದು ಪರೀಕ್ಷೆಯ ಅಂಕಗಳ ವಿಷಯವಾಗಿ ತೋರಬಹುದು. ಆದರೆ ವಿಚಾರ ಮಾಡಿದರೆ ಇದರ ಹಿಂದೆ ಒಂದು ನೀತಿಯ ಪ್ರಶ್ನೆ ಅಡಗಿದೆ: ‘ಇಂಥದು ಆಗುವ ತನಕ’ ಎಂದು ಇನ್ನೊಬ್ಬರನ್ನು ಕಾಯಲು ಹಚ್ಚಿದವರ ಹೊಣೆ ಎಷ್ಟು?

ಮೊದಲು ವಿಷಯ ತಿಳಿಯೋಣ. ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವುದಕ್ಕೆ ಲೂಪ್, ಅಂದರೆ ಸುತ್ತು, ಎಂದು ಹೆಸರು. ಸುತ್ತಿನಲ್ಲಿ ಎರಡು ಬಗೆ. ‘ಹತ್ತು ಸಲ ಮಾಡು’ ಎನ್ನುವುದು ಲೆಕ್ಕದ ಸುತ್ತು. ‘ಇಂಥ ಸ್ಥಿತಿ ಇರುವ ತನಕ ಮಾಡು’ ಎನ್ನುವುದು ಷರತ್ತಿನ ಸುತ್ತು. ಪ್ರತಿ ಸುತ್ತಿನ ಆರಂಭದಲ್ಲೂ ಯಂತ್ರ ಷರತ್ತನ್ನು ಪರೀಕ್ಷಿಸುತ್ತದೆ. ನಿಜವಿದ್ದರೆ ಮತ್ತೊಂದು ಸುತ್ತು, ಸುಳ್ಳಾದರೆ ಬಿಡುಗಡೆ.

ಡೊಂಬಿವಲಿಯ ಫಲಾಟದ ಮೇಲೆ ಬೆಳಿಗ್ಗೆ ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ‘ಬಂದ ಗಾಡಿಯಲ್ಲಿ ಕಾಲಿಡಲು ಜಾಗವಿಲ್ಲದಿರುವ ತನಕ, ಅದನ್ನು ಬಿಟ್ಟು ಮುಂದಿನ ಗಾಡಿಯನ್ನು ನೋಡು.’ ಇದೇ ಷರತ್ತಿನ ಸುತ್ತು. ಇದರಲ್ಲಿ ಹೊಸಬರು ಬರೆಯಲು ಮರೆಯುವುದು ‘ಮುಂದಿನ ಗಾಡಿಯನ್ನು ನೋಡು’ ಎಂಬ ಸಾಲನ್ನು. ಆಗ ಯಂತ್ರ ಮೊದಲು ನೋಡಿದ ಗಾಡಿಯನ್ನೇ ಮತ್ತೆ ಮತ್ತೆ ನೋಡುತ್ತಿರುತ್ತದೆ. ಆ ಗಾಡಿ ಠಾಣೆ ದಾಟಿ ಹೋಗಿದ್ದರೂ ಅದಕ್ಕೆ ತಿಳಿಯದು. ಸುತ್ತಿನ ಒಳಗಿನ ಕೆಲಸ ಷರತ್ತಿನ ಸ್ಥಿತಿಯನ್ನು ಸ್ವಲ್ಪವಾದರೂ ಬದಲಿಸದಿದ್ದರೆ ಸುತ್ತಿಗೆ ಕೊನೆಯಿಲ್ಲ. ಇನ್ನು ಆಫೀಸಿನ ಹಾಜರಿಯ ಹೊತ್ತು ಇದ್ದೇ ಇದೆ. ಆದ್ದರಿಂದ ‘ಮೂರು ಗಾಡಿಗಳ ತನಕ ಮಾತ್ರ’ ಎಂದು ಲೆಕ್ಕವನ್ನೂ ಸೇರಿಸಿಕೊಳ್ಳುತ್ತೇವೆ. ಆದರೆ ನಾಲ್ಕನೆಯ ಗಾಡಿಯೂ ತುಂಬಿಯೇ ಬಂದರೆ? ಲೆಕ್ಕ ಮುಗಿಯಿತೆಂದು ಬಾಗಿಲಿಗೆ ಜೋತುಬೀಳುವವರೇ ಹೆಚ್ಚು. 2025ರ ಜೂನ್ 9ರಂದು ಮುಂಬ್ರಾ ಬಳಿ ಕಿಕ್ಕಿರಿದ ಲೋಕಲ್ ಗಾಡಿಗಳಿಂದ ಬಿದ್ದು ಪ್ರಯಾಣಿಕರು ಪ್ರಾಣ ಕಳೆದುಕೊಂಡದ್ದನ್ನು ಈ ಮಾರ್ಗದ ನಾವು ಮರೆಯುವ ಹಾಗಿಲ್ಲ. ಲೆಕ್ಕ ಮುಗಿದ ಮಾತ್ರಕ್ಕೆ ಸ್ಥಿತಿ ಸುಧಾರಿಸಿರುವುದಿಲ್ಲ.

ಷರತ್ತನ್ನು ಸರಿಯಾಗಿ ಬರೆಯುವುದು ಪಳಗಿದವರಿಗೂ ಸುಲಭವಲ್ಲ. 2008ರ ಡಿಸೆಂಬರ್ 31ರಂದು ಮೈಕ್ರೋಸಾಫ್ಟ್ ಕಂಪನಿಯ ಝೂನ್ ಎಂಬ ಸಂಗೀತಯಂತ್ರದ ಒಂದು ಮಾದರಿ ಒಮ್ಮೆಲೇ ಸ್ತಬ್ಧವಾಯಿತು. ಅದರ ಗಡಿಯಾರ 1980ರಿಂದ ಕಳೆದ ದಿನಗಳನ್ನು ಎಣಿಸಿ, ‘365ಕ್ಕಿಂತ ಹೆಚ್ಚು ದಿನ ಉಳಿದಿರುವ ತನಕ ಒಂದೊಂದು ವರ್ಷ ಕಳೆ’ ಎಂಬ ಸುತ್ತಿನಿಂದ ವರ್ಷವನ್ನು ಕಂಡುಹಿಡಿಯುತ್ತಿತ್ತು. ಅಧಿಕ ವರ್ಷವಾದರೆ, 366ಕ್ಕಿಂತ ಹೆಚ್ಚು ಉಳಿದಿದ್ದರೆ ಮಾತ್ರ ಕಳೆಯಬೇಕೆಂದಿತ್ತು. 2008 ಅಧಿಕ ವರ್ಷ. ಆ ದಿನ ಅದರ 366ನೆಯ ದಿನ. 366 ಎಂಬುದು 365ಕ್ಕಿಂತ ಹೆಚ್ಚು, ಆದ್ದರಿಂದ ಸುತ್ತು ನಿಲ್ಲುವ ಹಾಗಿಲ್ಲ. 366ಕ್ಕಿಂತ ಹೆಚ್ಚಲ್ಲ, ಆದ್ದರಿಂದ ಕಳೆಯುವ ಹಾಗಿಲ್ಲ. ಬಡಪಾಯಿ ಯಂತ್ರ ದಿನವಿಡೀ ಅಲ್ಲೇ ಗಿರಕಿ ಹೊಡೆಯಿತು. ಅದು ಆಜ್ಞೆಯನ್ನು ಅಕ್ಷರಶಃ ಪಾಲಿಸಿತ್ತು, ತಪ್ಪು ಬರೆದವರದು.

ಹಾಗಾದರೆ ಇಂಥ ತಪ್ಪನ್ನು ಮುಂಚೆಯೇ ಹಿಡಿಯುವ ಒಂದು ಸಾರ್ವತ್ರಿಕ ವಿಧಾನ ಇಲ್ಲವೆ? ಇಲ್ಲವೆಂದು ಇಂಗ್ಲೆಂಡಿನ ಗಣಿತಜ್ಞ ಅಲನ್ ಟ್ಯೂರಿಂಗ್ 1936ರಲ್ಲಿಯೇ ತೋರಿಸಿಕೊಟ್ಟ. ಕೊಟ್ಟ ಯಾವುದೇ ಲೆಕ್ಕ ಎಂದಾದರೂ ಮುಗಿಯುತ್ತದೆಯೇ ಎಂಬುದನ್ನು ಪ್ರತಿಯೊಂದು ಸಂದರ್ಭದಲ್ಲೂ ತೀರ್ಮಾನಿಸಬಲ್ಲ ಒಂದೇ ವಿಧಾನ ಇರಲಾರದು. ಮಕ್ಕಳು ಬರೆಯುವ ಸಣ್ಣ ಸುತ್ತುಗಳನ್ನು ಪರೀಕ್ಷಿಸಿ ಹೇಳಬಹುದು, ನಿಜ. ಆದರೆ ಆ ಪರೀಕ್ಷೆಯ ಹೊಣೆ ಬರೆದವನ ಮೇಲೆಯೇ ಉಳಿಯುತ್ತದೆ.

ಇಲ್ಲಿಂದ ಮನುಷ್ಯರ ವ್ಯವಹಾರಕ್ಕೆ ಬರೋಣ. ಕೊನೆ ಇಲ್ಲದ ಸುತ್ತೆಲ್ಲ ಕೆಟ್ಟದೆಂದು ತಿಳಿಯಬಾರದು. ನಿಲ್ದಾಣದ ಫಲಕದಲ್ಲಿ ಹೊತ್ತು ತೋರಿಸುವ ಯಂತ್ರ ನಿಲ್ಲದೆ ಸುತ್ತುತ್ತಿರಬೇಕು. ಅದು ನಿಂತರೇ ದೋಷ. ಲೆಕ್ಕದ ಸುತ್ತು ನ್ಯಾಯವೋ, ಷರತ್ತಿನ ಸುತ್ತು ನ್ಯಾಯವೋ ಎಂಬುದಕ್ಕೆ ನಮ್ಮ ರಾಜ್ಯಾಂಗದ ಚರಿತ್ರೆಯಲ್ಲೇ ಒಂದು ಒಳ್ಳೆಯ ನಿದರ್ಶನವಿದೆ. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 343ನೆಯ ವಿಧಿ, ಕೇಂದ್ರದ ಕೆಲಸಗಳಿಗೆ ಇಂಗ್ಲಿಷನ್ನು ಹದಿನೈದು ವರ್ಷ ಮುಂದುವರಿಸಲು ಹೇಳಿತು. ಆಮೇಲೂ ಬೇಕಾದರೆ ಸಂಸತ್ತು ಕಾನೂನು ಮಾಡಬಹುದೆಂದಿತು. ಹದಿನೈದು ವರ್ಷ ಎಂಬುದು ಲೆಕ್ಕದ ಸುತ್ತು. ಅಷ್ಟರಲ್ಲಿ ಹಿಂದಿಯೇತರ ಜನ ಸಿದ್ಧರಾಗಿದ್ದಾರೆಯೇ ಎಂದು ಲೆಕ್ಕ ಕೇಳುವುದಿಲ್ಲ. 1959ರಲ್ಲಿ ನೆಹರೂ ಅವರು ಲೋಕಸಭೆಯಲ್ಲಿ, ಈ ತೀರ್ಮಾನವನ್ನು ಹಿಂದಿ ಬಲ್ಲದ ಜನರಿಗೇ ಬಿಡುವುದಾಗಿ ಭರವಸೆ ಕೊಟ್ಟರು. 1963ರಲ್ಲಿ ಅಧಿಕೃತ ಭಾಷಾ ಕಾಯಿದೆ ಬಂತು. ಹದಿನೈದು ವರ್ಷ ತುಂಬಿದ 1965ರಲ್ಲಿ ಮದರಾಸು ರಾಜ್ಯ ಹೊತ್ತಿ ಉರಿಯಿತು. ಕೊನೆಗೆ 1967ರ ತಿದ್ದುಪಡಿ ಲೆಕ್ಕವನ್ನು ತೆಗೆದು ಷರತ್ತನ್ನು ಇಟ್ಟಿತು: ಹಿಂದಿಯನ್ನು ಅಧಿಕೃತ ಭಾಷೆಯಾಗಿ ಒಪ್ಪದ ಎಲ್ಲ ರಾಜ್ಯಗಳ ಶಾಸಕಾಂಗಗಳೂ ಇಂಗ್ಲಿಷ್ ಬೇಡವೆಂದು ನಿರ್ಣಯ ಮಾಡಿ, ಆಮೇಲೆ ಸಂಸತ್ತಿನ ಎರಡೂ ಸದನಗಳು ಹಾಗೆಯೇ ನಿರ್ಣಯ ಮಾಡುವ ತನಕ, ಕಾಯಿದೆಯಲ್ಲಿ ಹೇಳಿದ ಕೆಲಸಗಳಿಗೆ ಇಂಗ್ಲಿಷ್ ಇರತಕ್ಕದ್ದು.

ಒಂದೇ ಒಂದು ರಾಜ್ಯ ಸುಮ್ಮನಿದ್ದರೂ ಈ ಸುತ್ತು ನಿಲ್ಲದು. ಪ್ರೋಗ್ರಾಂ ಕಲಿಸುವ ಮೇಷ್ಟರು ನೋಡಿದರೆ ಕೆಂಪು ಗೆರೆ ಎಳೆದಾರು. ಆದರೂ ಇದು ನ್ಯಾಯವಾದ ಸುತ್ತು ಎಂದೇ ನನ್ನ ಅಭಿಪ್ರಾಯ. ಏಕೆಂದರೆ ಸುತ್ತು ನಿಂತರೆ ಯಾರಿಗೆ ತೊಂದರೆಯೋ ಅವರ ಕೈಯಲ್ಲೇ ಪರೀಕ್ಷೆಯ ಅಧಿಕಾರವಿದೆ.

ಇದಕ್ಕೆ ಎದುರಾಗಿ ನಮ್ಮ ಸರಕಾರಿ ಕಡತಗಳ ‘ಮುಂದಿನ ಆದೇಶದ ತನಕ’ ಎಂಬ ಮಾತನ್ನು ಇಟ್ಟು ನೋಡಿ. ಹಂಗಾಮಿ ನೌಕರನೊಬ್ಬ ಹತ್ತು ವರ್ಷ ನಿಷ್ಠೆಯಿಂದ ದುಡಿದರೂ ಆ ದುಡಿತ ಷರತ್ತನ್ನು ಒಂದು ಕೂದಲೆಳೆಯಷ್ಟೂ ಬದಲಿಸುವುದಿಲ್ಲ. ಸುತ್ತುವವನೊಬ್ಬ, ಪರೀಕ್ಷಿಸುವವ ಇನ್ನೊಬ್ಬ. ಪರೀಕ್ಷೆ ಯಾವಾಗ, ಯಾವ ಆಧಾರದ ಮೇಲೆ ಎಂಬುದು ಸುತ್ತುವವನಿಗೆ ಗೊತ್ತಿಲ್ಲ. ಆಡಳಿತಕ್ಕೆ ಇಂಥ ಮಾತಿನ ಅಗತ್ಯವೂ ಇದೆ, ನಾಳೆ ಏನಾಗುವುದೋ ಇಂದೇ ತಿಳಿಯದು ಎಂದು ವಾದಿಸಬಹುದು. ಒಪ್ಪೋಣ. ಆದರೆ ಆ ಅನಿಶ್ಚಯದ ಭಾರವೆಲ್ಲ ಕೆಳಗಿನವನೊಬ್ಬನ ಹೆಗಲ ಮೇಲೆ ಬೀಳುವುದು ನ್ಯಾಯವೆ? ಆದೇಶ ಬಾರದಿದ್ದರೂ ವರ್ಷಕ್ಕೊಮ್ಮೆಯಾದರೂ ಕಡತ ಬಿಚ್ಚಿ ನೋಡುವೆವು ಎಂಬ ಒಂದು ಸಾಲನ್ನು ಸೇರಿಸಲು ಕಷ್ಟವೇನಿಲ್ಲ.

ದೂರವೇಕೆ, ನಮ್ಮ ಮನೆಗಳನ್ನೇ ನೋಡೋಣ. ‘ಮನೆಸಾಲ ತೀರುವ ತನಕ ತಡಿ ಅಮ್ಮ, ಆಮೇಲೆ ಊರಿಗೇ ಬಂದುಬಿಡುತ್ತೇವೆ’ ಎಂದು ಡೊಂಬಿವಲಿಯಿಂದ ಫೋನಿನಲ್ಲಿ ಹೇಳದ ಮಗನುಂಟೆ? ಸಾಲ ತೀರುತ್ತದೆ. ಅಷ್ಟರಲ್ಲಿ ಮಗಳ ಓದು, ಓದು ಮುಗಿಯುವಷ್ಟರಲ್ಲಿ ಮದುವೆ, ಅದಾದ ಮೇಲೆ ಐರೋಲಿಯಲ್ಲೋ ಖಾರಘರದಲ್ಲೋ ಇನ್ನೊಂದು ದೊಡ್ಡ ಮನೆ. ಪ್ರತಿ ಸುತ್ತಿನಲ್ಲೂ ನಾವು ಗುರಿಯತ್ತ ಒಂದು ಹೆಜ್ಜೆ ಇಡುತ್ತೇವೆ, ಗುರಿಯನ್ನು ಎರಡು ಹೆಜ್ಜೆ ಆಚೆ ಸರಿಸುತ್ತೇವೆ. ಸುಳ್ಳು ಹೇಳಿದವರು ಯಾರೂ ಇಲ್ಲ. ಆದರೂ ಊರಿನ ಜಗಲಿಯ ಮೇಲೆ ಕೂತವರಿಗೆ ವಯಸ್ಸಾಗುತ್ತದೆ. ಬರಲಾರದಿದ್ದರೆ ಬರಲಾರೆವು ಎಂದು ಹೇಳುವುದರಲ್ಲಿ, ‘ತನಕ’ ಎನ್ನುವುದಕ್ಕಿಂತ ಹೆಚ್ಚು ಗೌರವವಿದೆ. ಅವರು ತಮ್ಮ ವ್ಯವಸ್ಥೆಯನ್ನು ತಾವು ಮಾಡಿಕೊಂಡಾರು.

ಆದ್ದರಿಂದ ‘ತನಕ’ ಎನ್ನುವ ಮೊದಲು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಒಳ್ಳೆಯದು. ನಾನಿಟ್ಟ ಷರತ್ತು ಪೂರೈಸಬಹುದಾದದ್ದೆ? ಪ್ರತಿ ಸುತ್ತೂ ಅದರ ಸಮೀಪಕ್ಕೆ ಒಯ್ಯುತ್ತದೆಯೆ? ಕಾಯುವವರಿಗೆ ಆ ಷರತ್ತು ಗೊತ್ತಿದೆಯೆ, ಅದನ್ನು ಪರೀಕ್ಷಿಸುವ ಹಕ್ಕು ಅವರಿಗೂ ಇದೆಯೆ? ಮೊದಲಿನ ಎರಡನ್ನು ಪಾಠ ಹೇಳುವವರು ಮಕ್ಕಳಿಗೆ ಹೇಳಿಕೊಡುತ್ತಾರೆ. ಮೂರನೆಯದನ್ನು ಯಂತ್ರ ಕೇಳುವುದಿಲ್ಲ. ಅದಕ್ಕೆ ಕಾಯುವ ನೋವಿಲ್ಲ. ಮನುಷ್ಯರು ಕೇಳುತ್ತಾರೆ, ಅಥವಾ ಕೇಳಲಾರದೆ ಸುಮ್ಮನಿರುತ್ತಾರೆ. ಸುಮ್ಮನಿರುವವರ ಪರವಾಗಿ ಅದನ್ನು ನಾವೇ ಕೇಳಿಕೊಳ್ಳಬೇಕು.