ಅವಳು ಆ ಕಡೆಗೇ ಯಾಕೆ ಓಡಿದಳು?

‘ಸ್ಕೇರಿ ಮೂವಿ’ ಶುರುವಾಗಿ ಸ್ವಲ್ಪ ಹೊತ್ತಿಗೇ ಒಂದು ದೃಶ್ಯ ಬರುತ್ತೆ. ಮುಖವಾಡದ ಕೊಲೆಗಾರ ಬೆನ್ನತ್ತಿದ್ದಾನೆ, ಹುಡುಗಿ ಮನೆಯಿಂದಾಚೆ ಓಡಿಬರ್ತಾಳೆ. ಎದುರಿಗೆ ಒಂದು ಬೋರ್ಡು. ಒಂದು ಕಡೆಗೆ ‘ಸುರಕ್ಷತೆ’, ಇನ್ನೊಂದು ಕಡೆಗೆ ‘ಸಾವು’. ಅವಳು ಸಾವಿನ ಕಡೆ ಓಡ್ತಾಳೆ. ನಾವು ಬಿದ್ದು ಬಿದ್ದು ನಗ್ತೀವಿ. ಇನ್ನೇನು ಸಾಯಲಿರುವವಳನ್ನು ನೋಡಿ ನಗೋದು ಸರೀನಾ?

ಕೀನನ್ ಐವರಿ ವೇಯನ್ಸ್ ನಿರ್ದೇಶಿಸಿ, ಅವರ ತಮ್ಮಂದಿರಾದ ಶಾನ್ ಮತ್ತು ಮಾರ್ಲನ್ ಬರೆದು ನಟಿಸಿದ ಈ ಚಿತ್ರ ಬಂದದ್ದು 2000ದಲ್ಲಿ. ಅಣಕ ಮುಖ್ಯವಾಗಿ 1996ರ ‘ಸ್ಕ್ರೀಮ್’ ಮತ್ತು 1997ರ ‘ಐ ನೋ ವಾಟ್ ಯು ಡಿಡ್ ಲಾಸ್ಟ್ ಸಮ್ಮರ್’ ಮೇಲೆ. ಎರಡನೇ ಭಾಗ ಬರೋದಿಲ್ಲ ಅಂತ ಪೋಸ್ಟರಿನಲ್ಲೇ ಮಾತು ಕೊಟ್ಟಿದ್ರು. ದುಡ್ಡು ಸುರಿಯಿತು, ಮರುವರ್ಷವೇ ಎರಡನೇ ಭಾಗ ಬಂತು!

ಟೀನೇಜ್ ಹುಡುಗ ಹುಡುಗಿಯರನ್ನು ಒಬ್ಬೊಬ್ಬರಾಗಿ ಕೊಲ್ಲುವ ಈ ಬಗೆಯ ಸಿನಿಮಾಗಳಿಗೆ 1978ರ ‘ಹ್ಯಾಲೊವೀನ್’ ಒಂದು ಅಚ್ಚು ಮಾಡಿಕೊಟ್ಟಿತ್ತು. ಕುಡಿದವನು, ಬಾಯ್‌ಫ್ರೆಂಡ್ ಜೊತೆ ಮಲಗಿದವಳು ಸಾಯ್ತಾರೆ, ‘ಒಳ್ಳೆ ಹುಡುಗಿ’ ಉಳೀತಾಳೆ. ಚಾಕು ಹಿಡಿದವನು ನೋಡೋಕೆ ಹುಚ್ಚ, ಆದರೆ ಅವನು ಜಾರಿ ಮಾಡೋದು ಊರಿನ ಹಿರಿಯರ ಕಾನೂನನ್ನೇ. ನಾವು ಪಾಪ್‌ಕಾರ್ನ್ ತಿಂತಾ ತಲೆಯಾಡಿಸ್ತೀವಿ. ‘ಅಲ್ಲಾ, ಒಬ್ಬಳೇ ಕೆಳಗಿನ ಕತ್ತಲೆ ಕೋಣೆಗೆ ಯಾಕೆ ಹೋಗ್ಬೇಕಿತ್ತು?’ ಈ ವಾಕ್ಯ ನಿಮಗೆ ಬೇರೆಲ್ಲೋ ಕೇಳಿದ ಹಾಗಿಲ್ವಾ? ಬೆಳಿಗ್ಗೆ ಪೇಪರಿನಲ್ಲಿ ಯಾವುದೋ ಹುಡುಗಿಯ ಮೇಲೆ ದೌರ್ಜನ್ಯದ ಸುದ್ದಿ ಬಂದಾಗ ಆಫೀಸಿನ ಕಾಫಿ ಮೆಷಿನ್ ಹತ್ತಿರ ಯಾರಾದರೊಬ್ಬರು ಇದನ್ನು ಹೇಳೇ ಹೇಳ್ತಾರೆ. ಅಷ್ಟು ಹೊತ್ತಲ್ಲಿ ಅಲ್ಲಿಗ್ಯಾಕೆ ಹೋದ್ಲು ಅಂತ.

ಆ ಬೋರ್ಡಿನ ಜೋಕು ನನಗೆ ಇಷ್ಟವಾಗೋದು ಇದಕ್ಕೇ. ಅವಳು ತಾನಾಗಿ ತಪ್ಪು ದಾರಿ ಹಿಡಿದಿಲ್ಲ, ಕಥೆ ಬರೆದವನು ಅವಳನ್ನು ಆ ಕಡೆ ತಳ್ಳಿದ್ದಾನೆ. ಗಂಭೀರ ಸಿನಿಮಾದಲ್ಲಿ ಅವನ ಕೈ ಕಾಣೋದಿಲ್ಲ, ಹುಡುಗಿಯ ದಡ್ಡತನ ಮಾತ್ರ ಕಾಣುತ್ತೆ. ಇಲ್ಲಿ ಕೈಯೇ ಬೋರ್ಡ್ ನೆಟ್ಟು ನಿಂತಿದೆ. ‘ಸ್ಕ್ರೀಮ್’ಗೂ ಈ ಸೂತ್ರ ಗೊತ್ತಿತ್ತು ಅನ್ನಿ. ಅದರ ನಾಯಕಿ ಸಿಡ್ನಿ, ಇಂಥ ಸಿನಿಮಾಗಳ ಹುಡುಗೀರು ಬಾಗಿಲು ಬಿಟ್ಟು ಮೆಟ್ಟಿಲ ಕಡೆ ಓಡ್ತಾರೆ ಅಂತ ಗೇಲಿ ಮಾಡ್ತಾಳೆ, ಆಮೇಲೆ ತಾನೇ ಮೆಟ್ಟಿಲು ಹತ್ತುತ್ತಾಳೆ. ಆದರೆ ಸೂತ್ರಾನ ಆಡಿಕೊಂಡ ಮೇಲೂ ಅದಕ್ಕೆ ನಮ್ಮನ್ನು ಹೆದರಿಸಲೇಬೇಕು. ಅಣಕಕ್ಕೆ ಆ ಹಂಗಿಲ್ಲ. ಇದರ ನಾಯಕಿ ಸಿಂಡಿ ಇಷ್ಟೆಲ್ಲ ಪಾರಾಗಿ ಬಂದು ಕೊನೆಯಲ್ಲಿ ನಡುರಸ್ತೆಯಲ್ಲಿ ನಿಂತು ಕಿರುಚುವಾಗ ಒಂದು ಕಾರು ಬಂದು ಗುದ್ದುತ್ತೆ. ನಡತೆಗೂ ಸಾವಿಗೂ ಏನೂ ಸಂಬಂಧವಿಲ್ಲ.

ಇಷ್ಟಕ್ಕೇ ನಿಲ್ಲಿಸಿದ್ದರೆ ಚಿತ್ರಕ್ಕೆ ಹಾರ ಹಾಕಬಹುದಿತ್ತು. ಬ್ರೆಂಡಾಳ ಸಾವನ್ನು ನೋಡಿ. ಥಿಯೇಟರಿನಲ್ಲಿ ಗಟ್ಟಿಯಾಗಿ ಮಾತಾಡ್ತಾ, ಫೋನ್ ಹಚ್ಚಿಕೊಂಡು ಎಲ್ಲರ ತಲೆ ತಿನ್ನುತ್ತಾಳೆ. ಕೊಲೆಗಾರನಿಗೂ ಮುಂಚೆ ಪ್ರೇಕ್ಷಕರೇ ಚೂರಿ ಹಾಕ್ತಾರೆ. ‘ಸ್ಕ್ರೀಮ್ 2’ರ ಆರಂಭದಲ್ಲಿ ಥಿಯೇಟರಿನಲ್ಲೇ ಒಬ್ಬ ಕಪ್ಪು ಹುಡುಗಿ ಇರಿತಕ್ಕೊಳಗಾದಾಗ ಜನ ಅದನ್ನು ಪ್ರಚಾರದ ಗಿಮಿಕ್ ಅಂದುಕೊಂಡು ನೋಡ್ತಾ ಇರ್ತಾರೆ. ಇಲ್ಲಿ ಆ ನೆಪವೂ ಇಲ್ಲ. ಪಕ್ಕದ ಸೀಟಿನವನ ಫೋನಿಗೆ ಹಲ್ಲು ಕಡಿದ ನಾವೆಲ್ಲ ಈ ದೃಶ್ಯಕ್ಕೆ ಜೋರಾಗಿ ನಗ್ತೀವಿ, ಅಂದ್ರೆ ಚೂರಿಗೆ ನಮ್ಮ ಕೈಯೂ ತಾಗಿದೆ. ನಗುವಾಗ ಎದೆಗೆ ಒಂದು ಗಳಿಗೆ ಜೋಮು ಹಿಡಿದಿರಬೇಕು ಅನ್ನೋ ಅರ್ಥದ ಮಾತನ್ನು ಫ್ರೆಂಚ್ ತತ್ವಜ್ಞಾನಿ ಬರ್ಗ್‌ಸನ್ ಹೇಳಿದ್ದ. ಇಲ್ಲಿ ಜೋಮು ಇಳಿದ ಮೇಲೆ ಸ್ವಲ್ಪ ನೋವು ಉಳಿಯುತ್ತೆ, ಅದು ಒಳ್ಳೆಯದೇ.

ಆದರೆ ಇದೇ ಚಿತ್ರದಲ್ಲಿ ಒಬ್ಬ ಜಿಮ್ ಟೀಚರ್ ಇದ್ದಾಳೆ. ಅವಳ ಮೈ ಗಂಡಿನದೋ ಹೆಣ್ಣಿನದೋ ಅನ್ನೋದೇ ಇಡೀ ಜೋಕು. ತಾನು ಗೇ ಅಂತ ಒಪ್ಪಿಕೊಳ್ಳದ ರೇ ಅನ್ನೋ ಹುಡುಗನ ಮೇಲಂತೂ ಉದ್ದಕ್ಕೂ ಇದೇ ಥರದ ಜೋಕುಗಳು. ಇಲ್ಲಿ ಅಣಕಕ್ಕೆ ಸಿಕ್ಕಿದ್ದು ಯಾವ ಸಿನಿಮಾದ ಸೂತ್ರವೂ ಅಲ್ಲ, ಒಬ್ಬ ಮನುಷ್ಯನ ಮೈ. ಅವರನ್ನು ಈ ಕಡೆ ತಳ್ಳಿದ ಕೈ ಯಾವುದು ಅಂತ ತೋರಿಸೋ ಬೋರ್ಡು ಇಲ್ಲೆಲ್ಲೂ ಇಲ್ಲ.